ಒಂದು ಗುಣಾಕಾರದ ವಿಮರ್ಶೆ

ವಿಮರ್ಶೆಯೆಂದರೆ ಕಾವ್ಯಕ್ಕೆ ಮಾತ್ರ ಎಂದು ತಿಳಿದಿರುವ ಪಂಡಿತರ ಮುಂದೆ ನಾವು ಒಂದು ಅಂಕಿ ಇಡುತ್ತೇವೆ: 1.159.

ರಕ್ತದ ಕ್ರಿಯಾಟಿನಿನ್ ನೋಡಿ ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಸೋಸುತ್ತದೆಂದು ಹೇಳಲು ಅಮೆರಿಕದಲ್ಲಿ 2009ರಲ್ಲಿ ಒಂದು ಸೂತ್ರ ಬಂತು. ರೋಗಿ ಕಪ್ಪುಜನದವನಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕು. ಯಾಕಪ್ಪಾ ಅಂದರೆ, ಅವರಿಗೆ ಮಾಂಸಖಂಡ ಜಾಸ್ತಿಯಂತೆ! ಗುಲಾಮರ ತೋಳು ಹಿಸುಕಿ ಬೆಲೆ ಕಟ್ಟಿದ ಸಂತೆಯ ಮಾತೇ ಬಿಳಿ ಕೋಟು ತೊಟ್ಟು ಪ್ರಯೋಗಶಾಲೆಗೆ ಬಂದಿತ್ತು. ಯಾರು ಕಪ್ಪು ಎಂದು ಹೇಳಿದ್ದೂ ರಕ್ತವಲ್ಲ, ಚೀಟಿಯ ಮೇಲಿನ ಒಂದು ಕಾಲಂ.

ಇದರ ಫಲ ನೋಡಿ. ಡಯಾಲಿಸಿಸ್‌ಗೆ ಮುಂಚೆಯೇ ಬದಲಿ ಮೂತ್ರಪಿಂಡದ ಸರದಿಯಲ್ಲಿ ದಿನ ಎಣಿಸಬೇಕಾದರೆ ಲೆಕ್ಕ 20ಕ್ಕೆ ಇಳಿದಿರಬೇಕು. 18 ಬಂದ ಬಿಳಿಯನ ಎಣಿಕೆ ಶುರುವಾಗುತ್ತಿತ್ತು. ಅದೇ ವಯಸ್ಸು, ಅದೇ ಕ್ರಿಯಾಟಿನಿನ್ ಇದ್ದ ಕಪ್ಪು ಮನುಷ್ಯನ 18, ಗುಣಿಸಿದರೆ ಸುಮಾರು 21. 'ನೀನಿನ್ನೂ ಗಟ್ಟಿಮುಟ್ಟಾಗಿದೀಯ, ಹೋಗು' ಅಂತ ಕಾಗದ ಹೇಳಿತು.

ಹುಟ್ಟು ಕೇಳಿ ಮೈ ಅಳೆಯುವ ಕೋಲು ನಮ್ಮ ಕೇರಿಗಳಿಗೆ ಹೊಸದಲ್ಲ. ದುಡಿಯೋಕೆ ಹುಟ್ಟಿದ ಮೈಗೆ ನೋವು ಕಮ್ಮಿ ಎಂಬ ಮಾತನ್ನು ನಾವೂ ಕೇಳಿ ಬೆಳೆದವರೇ.

2021ರಲ್ಲಿ ಜನಾಂಗದ ಅಂಕಿಯಿಲ್ಲದ ಸೂತ್ರ ಬಂತು. 2023ರಿಂದ, ಕಳೆದುಕೊಂಡ ದಿನಗಳನ್ನು ಸರದಿಯಲ್ಲಿರುವ ಕಪ್ಪು ರೋಗಿಗಳಿಗೆ ಮರಳಿ ಸೇರಿಸುವ ನಿಯಮವೂ ಬಂತು. ಒಳ್ಳೆಯದೇ. ಆದರೆ ಸರದಿ ಸೇರುವ ಮೊದಲೇ ಮಣ್ಣಾದವರಿಗೆ ಯಾವ ದಿನ ಸೇರಿಸುತ್ತೀರಿ? ಅಷ್ಟು ವರ್ಷ ಅದು ನಿಮಗೆ ವಿಜ್ಞಾನವಾಗಿ ಕಂಡದ್ದಾದರೂ ಹೇಗೆ? ಉತ್ತರ ಬರುವ ತನಕ ನಾವು ಸೂತ್ರಗಳನ್ನೂ ಓದುತ್ತೇವೆ, ಶಾಸ್ತ್ರಗಳನ್ನು ಓದಿದ ಕಣ್ಣಿನಿಂದಲೇ.