ಹಾಡು ಇನ್ನೂ ಹದಕ್ಕೆ ಬರದ ಹೊತ್ತು

ಬೀಟಲ್ಸ್ ತಂಡದ ಸಾಕ್ಷ್ಯಚಿತ್ರ 'ಲೆಟ್ ಇಟ್ ಬಿ' 2024ರ ಮೇ ತಿಂಗಳಲ್ಲಿ ಮೈತೊಳೆದುಕೊಂಡು ಮತ್ತೆ ತೆರೆಗೆ ಬಂತಲ್ಲ, ಅದನ್ನೂ ಪೀಟರ್ ಜಾಕ್ಸನ್‌ನ 'ಗೆಟ್ ಬ್ಯಾಕ್' ಅನ್ನೂ ಒಟ್ಟಿಗೆ ನೋಡಿ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ನೋಡಿದೆ. ಎರಡೂ 1969ರ ಜನವರಿಯಲ್ಲಿ ತೆಗೆದ ಅದೇ ರೀಲುಗಳ ಮಕ್ಕಳು. ಮೈಕೆಲ್ ಲಿಂಡ್ಸೆ-ಹಾಗ್ 1970ರಲ್ಲಿ ಅದನ್ನು ಒಂದೂವರೆ ಗಂಟೆಯೊಳಗೆ ಮುಗಿಸಿದ್ದ. ಜಾಕ್ಸನ್ ಸುಮಾರು 60 ಗಂಟೆಯ ಚಿತ್ರ, 150 ಗಂಟೆಯ ಧ್ವನಿಮುದ್ರಣ ಜಾಲಾಡಿ 2021ರಲ್ಲಿ ಮೂರು ಕಂತು ಮಾಡಿದ. ಒಟ್ಟು ಹೆಚ್ಚುಕಡಿಮೆ ಎಂಟು ಗಂಟೆ. ಅಷ್ಟು ಹೊತ್ತು ಯಾರು ಕೂರುತ್ತಾರೆ ಎಂದು ಈಗಲೂ ಕೆಲವರು ಮೂಗು ಮುರಿಯುತ್ತಾರೆ. ಬೆಳಗಿನ ತನಕ ಬಯಲಾಟ ನೋಡುವ ನಾಡಿನಲ್ಲಿ ಇದೊಂದು ದೂರೇ?

ನನ್ನ ಹಳೆಯ ಜಗಳ ಇರುವುದು ಸೋಫಾ ಪಂಥದ ಜೊತೆ. ಅದರ ಚಿತ್ರಗಳಲ್ಲಿ ತಲೆ ನರೆತ ಗಿಟಾರ್‌ವಾದಕ ಸೋಫಾದಲ್ಲಿ ಕೂತಿರುತ್ತಾನೆ, ಹಿಂದೆ ಗೋಡೆ ತುಂಬ ಗೋಲ್ಡ್ ಡಿಸ್ಕುಗಳು. ಹಾಡು ಶುರುವಾಗಿ ಇನ್ನೇನು ಕಿವಿಗೆ ಹತ್ತಬೇಕು, ಅಷ್ಟರಲ್ಲಿ ಮತ್ತೊಬ್ಬ ಸ್ಟಾರ್ ಅಡ್ಡ ಬಂದು ಅದು ತನ್ನ ಬದುಕನ್ನೇ ಬದಲಿಸಿತು ಅನ್ನುತ್ತಾನೆ. ಆಮೇಲೆ ಮಾದಕ ವಸ್ತು, ಮನಸ್ತಾಪ, ವಕೀಲರು, ಕೊನೆಗೆ ಸ್ಟೇಡಿಯಮ್ಮಿನಲ್ಲಿ ಅಪ್ಪುಗೆ. ಇಡೀ ಚಿತ್ರ ಸಂಗೀತದ ಬಗ್ಗೆಯೇ. ಸಂಗೀತ ಮಾತ್ರ ಎಲೆಯ ಮೂಲೆಯ ಉಪ್ಪಿನಕಾಯಿಯಷ್ಟು.

ಜಾಕ್ಸನ್ ನಮ್ಮನ್ನು ಹಾಡು ಇನ್ನೂ ಕೆಟ್ಟದಾಗಿರುವಾಗಲೇ ಒಳಗೆ ಬಿಡುತ್ತಾನೆ. ಟ್ವಿಕನಮ್ ಸ್ಟುಡಿಯೋ. ಜಾನ್ ಇನ್ನೂ ಬಂದಿಲ್ಲ. ಪಾಲ್ ತನ್ನ ಬೇಸ್ ಗಿಟಾರನ್ನೇ ಬರಬರನೆ ಮೀಟುತ್ತ ಏನೋ ಒದರುತ್ತಾನೆ. ಪದಗಳಿಲ್ಲ, ಬರೀ ಶಬ್ದ. ಜಾರ್ಜ್ ಆಕಳಿಸುತ್ತಾನೆ. ರಿಂಗೋ ಸುಮ್ಮನೆ ಕೂತಿದ್ದಾನೆ. ನೋಡನೋಡುತ್ತಿದ್ದಂತೆ ನಮಗೆಲ್ಲ ಬಾಯಿಪಾಠವಾದ 'ಗೆಟ್ ಬ್ಯಾಕ್' ಧಾಟಿ ಆ ಗದ್ದಲದೊಳಗಿಂದ ತಲೆ ಎತ್ತುತ್ತದೆ. ಮುಂದೊಂದು ದಿನ 'ಸಮ್‌ಥಿಂಗ್' ಹಾಡಿಗೆ ಜಾರ್ಜ್‌ಗೆ ಪದ ಹೊಳೆಯುವುದಿಲ್ಲ. ಸಿಗುವ ತನಕ ಹೂಕೋಸು ಅಂತಲೋ ಏನೋ ಹಾಕಿಕೊಂಡು ಹಾಡುತ್ತಿರು ಎಂದು ಜಾನ್ ಹೇಳಿಕೊಡುತ್ತಾನೆ. ಅಷ್ಟು ಚೆಂದದ ಪ್ರೇಮಗೀತೆ ಒಂದು ದಿನ ತರಕಾರಿ ಹೊತ್ತು ತಿರುಗಿತ್ತು!

'ಲೆಟ್ ಇಟ್ ಬಿ' ಬಗ್ಗೆ ಇಷ್ಟೇ: ಅದು ಜನ ಅಂದುಕೊಂಡಷ್ಟು ಗೋಳಿನ ಚಿತ್ರವಲ್ಲ. 1970ರ ಏಪ್ರಿಲ್‌ನಲ್ಲಿ ತಂಡ ಒಡೆದ ಸುದ್ದಿ ಬಂತು, ಮೇ ತಿಂಗಳಲ್ಲಿ ಚಿತ್ರ ಬಂತು. ಪ್ರೇಕ್ಷಕರು ಸೂತಕದ ಕಣ್ಣಲ್ಲೇ ನೋಡಿದರು.

ಹೋಲಿಕೆಯನ್ನು ಇನ್ನೂ ಬೆಳೆಸಬೇಕೆಂದಿದ್ದೆ. ಆದರೆ ಛಾಯಾಗ್ರಾಹಕ ಟೋನಿ ರಿಚ್ಮಂಡ್ ಹೆಸರು ಕಂಡದ್ದೇ ಮನಸ್ಸು ದಾರಿ ಬಿಟ್ಟಿತು. ಬೀಟಲ್ಸ್ ಎದುರು ಕ್ಯಾಮೆರಾ ಇಡುವ ಅರ್ಧ ವರ್ಷ ಮೊದಲು, 1968ರ ಜೂನ್‌ನಲ್ಲಿ, ಇದೇ ಮನುಷ್ಯ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ನಿರ್ದೇಶಕ ಗೊದಾರ್‌ಗಾಗಿ ರೋಲಿಂಗ್ ಸ್ಟೋನ್ಸ್‌ ತಂಡವನ್ನು ಚಿತ್ರಿಸಿದ್ದ. 'ಒನ್ ಪ್ಲಸ್ ಒನ್'. ಈ ಜಾತಿಯ ಚಿತ್ರಗಳಲ್ಲಿ ನನಗೆ ಅದಕ್ಕಿಂತ ದೊಡ್ಡದಿಲ್ಲ.

ಕ್ಯಾಮೆರಾ ಹಳಿಯ ಮೇಲೆ ನಿಧಾನಕ್ಕೆ ಸ್ಟುಡಿಯೋ ಸುತ್ತುತ್ತದೆ. ಯಾರನ್ನೂ ಏನೂ ಕೇಳುವುದಿಲ್ಲ, ಹಾಡು ಹಳ್ಳ ಹಿಡಿದರೂ ಕತ್ತರಿ ಹಾಕುವುದಿಲ್ಲ. ಗಾಯಕ ಮಿಕ್ ಅಕೂಸ್ಟಿಕ್ ಗಿಟಾರ್ ಹಿಡಿದು 'ಸಿಂಪಥಿ ಫಾರ್ ದ ಡೆವಿಲ್' ಹೇಳಿಕೊಡುತ್ತಾನೆ. ಆಗ ಅದೊಂದು ಎಳೆದಾಟದ, ಜಾನಪದದ ಜಾಡಿನ ಹಾಡು. ನಿಕಿ ಹಾಪ್ಕಿನ್ಸ್‌ನ ಆರ್ಗನ್ ಅದನ್ನು ಇನ್ನಷ್ಟು ಭಾರ ಮಾಡುತ್ತದೆ. ಚಾರ್ಲಿ ವಾಟ್ಸ್‌ಗೆ ಲಯ ಕೂರುತ್ತಿಲ್ಲ. ಮತ್ತೆ ಮತ್ತೆ ಅದೇ. ಬೇಸರ ನಮಗೂ ಹತ್ತುತ್ತದೆ, ಹತ್ತಬೇಕು. ಆಮೇಲೆ ಗಿಟಾರ್‌ವಾದಕ ಕೀತ್ ಬೇಸ್ ಎತ್ತಿಕೊಳ್ಳುತ್ತಾನೆ, ಬೇಸ್ ನುಡಿಸಬೇಕಾದ ಬಿಲ್ ವೈಮನ್ ಕೈಗೆ ಮರಾಕಾಸ್ ಬರುತ್ತದೆ, ರಾಕಿ ಡಿಜಾನ್ ಕಾಂಗಾ ಬಡಿಯುತ್ತಾನೆ, ಹಾಪ್ಕಿನ್ಸ್ ಪಿಯಾನೋಗೆ ಹೊರಳುತ್ತಾನೆ. ನಡಿಗೆ ಸಾಂಬಾದ್ದಾಗಿದೆ! ಯಾವ ಗಳಿಗೆಯಲ್ಲಿ ತಿರುಗಿತೆಂದು ಬೆರಳಿಟ್ಟು ತೋರಿಸಲಾಗದು. ಅದೇ ದಿನಗಳಲ್ಲಿ ರಾಬರ್ಟ್ ಕೆನಡಿಯ ಕೊಲೆಯಾಯಿತು. ಕೊಲೆಯಾದ ಕೆನಡಿ ಹಾಡಿನಲ್ಲಿ ಅದುವರೆಗೆ ಒಬ್ಬರೇ ಇದ್ದರು, ಈಗ ಇಬ್ಬರಾದರು.

ಬ್ರಯಾನ್ ಜೋನ್ಸ್ ಮಾತ್ರ ತಡಿಕೆಗಳ ಮರೆಯಲ್ಲಿ ಕೂತು ಗಿಟಾರ್ ಮೀಟುತ್ತಲೇ ಇರುತ್ತಾನೆ. ತಾನೇ ಕಟ್ಟಿದ ತಂಡದಲ್ಲಿ ಅವನನ್ನು ಯಾರೂ ವಿಚಾರಿಸುವುದಿಲ್ಲ. ಅವನ ದುರಂತದ ಬಗ್ಗೆ ಸೋಫಾ ಪಂಥ ಇಡೀ ಕಂತು ತೆಗೆಯುತ್ತಿತ್ತು. ಗೊದಾರ್ ಕ್ಯಾಮೆರಾವನ್ನು ಅವನ ಮುಂದಿನಿಂದ ಹಾಯಿಸಿಕೊಂಡು ಹೋಗುತ್ತಾನೆ, ಅಷ್ಟೆ.

ನಡುನಡುವೆ ಗುಜರಿ ಅಂಗಳದ ಬ್ಲ್ಯಾಕ್ ಪವರ್ ಭಾಷಣಗಳು, ಪುಸ್ತಕದಂಗಡಿಯಲ್ಲಿ ಹಿಟ್ಲರನ ಪಠಣ ಬರುತ್ತವೆ. ಗೊದಾರ್ ಭಕ್ತರು ಕ್ಷಮಿಸಲಿ, ನಾನು ಆ ಹೊತ್ತಿಗೆ ಕಾಫಿ ಬೆರೆಸಿಕೊಳ್ಳುತ್ತೇನೆ.

ಗೊದಾರ್ ಹಾಡನ್ನು ಪೂರ್ತಿ ಕೇಳಿಸದೆಯೇ ಚಿತ್ರ ಮುಗಿಸಿದ್ದ. ನಿರ್ಮಾಪಕ ಇಯಾನ್ ಕ್ವಾರಿಯರ್ ಸುಮ್ಮನಿರಲಿಲ್ಲ, ತಯಾರಾದ ಹಾಡನ್ನು ತಂದು ಕೊನೆಗೆ ಅಂಟಿಸಿದ. ಅದೇ ವರ್ಷ ಲಂಡನ್ ಚಿತ್ರೋತ್ಸವದಲ್ಲಿ ಗೊದಾರ್ ಅವನಿಗೆ ಗುದ್ದಿದ. ಗುದ್ದಿದ್ದು ತಪ್ಪು. ವಾದ ಮಾತ್ರ ಗೊದಾರನದೇ ಸರಿ. ಎರಡೂ ರೂಪ ಚಲಾವಣೆಯಲ್ಲಿವೆ: ನಿರ್ಮಾಪಕನದಕ್ಕೆ ಹಾಡಿನದೇ ಹೆಸರು, ನಿರ್ದೇಶಕನದು 'ಒನ್ ಪ್ಲಸ್ ಒನ್'. ಡಿಸ್ಕ್ ಕೊಳ್ಳುವವರು ಹೆಸರು ನೋಡಿ ಕೊಳ್ಳಿ. ಪೂರ್ತಿ ಹಾಡೇ ಬೇಕೆನ್ನುವವರಿಗೆ 'ಬೆಗರ್ಸ್ ಬ್ಯಾಂಕ್ವೆಟ್' ರೆಕಾರ್ಡ್ ಇದೆ, ಮೊದಲನೆಯದೇ ಅದು. ಅದಕ್ಕೆ ಸಿನಿಮಾ ಯಾಕೆ?