ಆಟೋ ಮರೆಗೆ ಹೋದವರು

ಸಿಸಿಟಿವಿ ಚಿತ್ರದಲ್ಲಿ ಇದು ಮನುಷ್ಯ, ಇದು ಬೈಕು, ಇದು ಬಸ್ಸು ಎಂದು ನ್ಯೂರಲ್ ನೆಟ್‌ವರ್ಕ್ ಗುರುತಿಸುವುದು ಈಗ ದೊಡ್ಡ ಸಂಗತಿಯಲ್ಲ. ಹಾಗೆ ಗುರುತಿಸಿದ ಮನುಷ್ಯ ಹತ್ತು ಹೆಜ್ಜೆ ನಡೆದು, ಜನರ ನಡುವೆ ಸೇರಿ, ಆಚೆ ಬಂದ ಮೇಲೂ ಅವನೇ ಎಂದು ತಿಳಿಯುವುದು ಕಷ್ಟದ ಕೆಲಸ. ಟ್ರ್ಯಾಕಿಂಗ್ ಅಂದರೆ ಇದೇ. ಅದನ್ನು ಒರೆಗೆ ಹಚ್ಚಲು ಮಲ್ಲೇಶ್ವರದ ಸಂಪಿಗೆ ರಸ್ತೆಗಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಎಂಟನೇ ಕ್ರಾಸಿನ ಹತ್ತಿರ ಪರಿಚಯದವರೊಬ್ಬರ ಬಟ್ಟೆ ಅಂಗಡಿ ಇದೆ. ಸಂಜೆ ವ್ಯಾಪಾರದ ಹೊತ್ತಿನಲ್ಲಿ ಅವರ ಕ್ಯಾಮೆರಾದ ಚಿತ್ರ ನೋಡುತ್ತಾ ಕೂತಿದ್ದೆವು. ಫುಟ್‌ಪಾತಿನಲ್ಲಿ ಹೂವಿನವರ ಬುಟ್ಟಿ, ಅದರ ಮುಂದೆ ಸಾಲಾಗಿ ನಿಂತ ಸ್ಕೂಟರುಗಳು, ಆಚೆ ನಿಧಾನವಾಗಿ ಸರಿಯುವ ವಾಹನಗಳು. ಹಸಿರು ಸೀರೆಯ ಹೆಂಗಸೊಬ್ಬರು ಬಾಳೆ ಎಲೆಯ ಸುರುಳಿ ಹಿಡಿದು ಬಂದರು. ಅವರ ಸುತ್ತ ಚೌಕಟ್ಟು ಮೂಡಿತು, ಅದರ ನೆತ್ತಿಯಲ್ಲಿ 41 ಎಂಬ ಅಂಕಿ. ಅಷ್ಟರಲ್ಲಿ ಆಟೋ ಒಂದು ಅಡ್ಡ ನಿಂತಿತು. ಆಟೋದ ಈಚೆಗೆ ಅದೇ ಸೀರೆ, ಅದೇ ಸುರುಳಿ ಕಂಡಾಗ ಅಂಕಿ 47 ಆಗಿತ್ತು. “ಒಬ್ರೇ ತಾನೆ ಸಾರ್, ಇಬ್ರು ಹೆಂಗಾದ್ರು?” ಎಂದರು ಅಂಗಡಿಯವರು.

ಅವರಿಗೆ ಬೇಕಿದ್ದದ್ದು ಎರಡೇ. ಬಾಗಿಲ ಮುಂದೆ ಎಷ್ಟು ಜನ ನಿಂತು ನೋಡುತ್ತಾರೆ ಎಂಬ ಲೆಕ್ಕ. ರಾತ್ರಿ ಷಟರ್ ಎಳೆದ ಮೇಲೆ ಯಾರಾದರೂ ಅಲ್ಲೇ ಸುಳಿದಾಡಿದರೆ ಫೋನಿಗೆ ಎಚ್ಚರಿಕೆ. ಅಂಕಿ ಬದಲಾದಾಗಲೆಲ್ಲ ಜನರ ಲೆಕ್ಕ ಏರುತ್ತದೆ. ಎಷ್ಟು ಹೊತ್ತು ನಿಂತರು ಎಂದು ಎಣಿಸುವ ಗಡಿಯಾರವೂ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಅಂಕಿ ನಿಲ್ಲದಿದ್ದರೆ ಎರಡೂ ಕೆಲಸ ಕೆಟ್ಟಂತೆ.

ಒಳಗೆ ನಡೆಯುವುದು ಇಷ್ಟು. ನೆಟ್‌ವರ್ಕ್ ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಚೌಕಟ್ಟು ಎಳೆಯುತ್ತದೆ. ಹಿಂದಿನ ಫ್ರೇಮಿನ ನೆನಪು ಅದಕ್ಕಿಲ್ಲ. ನೆನಪಿಟ್ಟುಕೊಳ್ಳುವುದು ಟ್ರ್ಯಾಕರ್. 2016ರಲ್ಲಿ ಬಂದ ‘ಸಾರ್ಟ್’ ಎಂಬ ವಿಧಾನ ಎರಡು ಹಳೆಯ ಗಣಿತಗಳನ್ನು ಜೋಡಿಸಿತು. ಒಂದು, ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ, ಮುಂದೆ ಅಪೊಲೊ ನೌಕೆಗಳ ದಾರಿ ಲೆಕ್ಕಕ್ಕೂ ಬಳಕೆಯಾದ ಸೂತ್ರ: ಈಗಿನ ಜಾಗ, ವೇಗ ನೋಡಿ ಮುಂದೆ ಎಲ್ಲಿರಬಹುದು ಎಂದು ಅಂದಾಜಿಸುವುದು. ಇನ್ನೊಂದು, ಹೆರಾಲ್ಡ್ ಕುನ್ 1955ರಲ್ಲಿ ಹಂಗೇರಿಯ ಗಣಿತಜ್ಞರ ಗೌರವಾರ್ಥ ಹೆಸರಿಟ್ಟ ಹಂಗೇರಿಯನ್ ವಿಧಾನ: ಯಾವ ಅಂದಾಜಿಗೆ ಯಾವ ಹೊಸ ಚೌಕಟ್ಟು ಹೊಂದುತ್ತದೆ ಎಂದು ಒಟ್ಟಾರೆ ನಷ್ಟ ಕಡಿಮೆಯಾಗುವಂತೆ ಜೋಡಿ ಮಾಡುವುದು. 2017ರ ‘ಡೀಪ್‌ಸಾರ್ಟ್’ ಇದಕ್ಕೆ ರೂಪದ ನೆನಪನ್ನೂ ಸೇರಿಸಿತು; ಸೀರೆಯ ಹಸಿರೂ ಲೆಕ್ಕಕ್ಕೆ ಬಂತು.

ನನಗೆ ತುಂಬ ಮೆಚ್ಚಿಗೆಯಾದದ್ದು 2021ರ ‘ಬೈಟ್‌ಟ್ರ್ಯಾಕ್’. ಅದಕ್ಕೆ ಮೊದಲು ನೆಟ್‌ವರ್ಕಿಗೆ ಖಾತ್ರಿಯಿಲ್ಲದ ಮಸುಕು ಚೌಕಟ್ಟುಗಳನ್ನು ಬಿಸಾಡುವುದು ವಾಡಿಕೆ. ಬೈಟ್‌ಟ್ರ್ಯಾಕ್ ಅವನ್ನು ಎರಡನೇ ಸುತ್ತಿಗೆ ಉಳಿಸಿಕೊಳ್ಳುತ್ತದೆ. ಪರಿಷೆಯ ಗದ್ದಲದಲ್ಲಿ ಮಗುವಿನ ಮೇಲೆ ಕಣ್ಣಿಟ್ಟ ತಾಯಿಗೆ ಕಡಲೆಕಾಯಿ ರಾಶಿಯ ಹಿಂದೆ ಅರ್ಧ ತಲೆ ಕಂಡರೂ ಸಾಕಲ್ಲವೇ, ಹಾಗೆ. ಸಂಪಿಗೆ ರಸ್ತೆಯಲ್ಲಿ ಯಾರೂ ಪೂರ್ತಿ ಕಾಣುವುದಿಲ್ಲ. ಅರ್ಧ ಕಂಡವರನ್ನು ಕೈಬಿಡದ ವಿಧಾನವೇ ಇಲ್ಲಿ ಬಾಳುತ್ತದೆ.

ಸೆಟ್ಟಿಂಗಿಗೆ ಬರೋಣ. ಮೊದಲನೆಯದು ಕ್ಯಾಮೆರಾ ಎತ್ತರ. ಎದೆಮಟ್ಟದಲ್ಲಿಟ್ಟರೆ ಒಬ್ಬರ ಮರೆಯಲ್ಲಿ ಇನ್ನೊಬ್ಬರು. ನೇರ ಮೇಲಿಂದ ಇಟ್ಟರೆ ಬರೀ ನೆತ್ತಿ ಕಾಣುತ್ತದೆ. ಸಾಮಾನ್ಯ ನೆಟ್‌ವರ್ಕುಗಳಿಗೆ ನೆತ್ತಿಯ ಪರಿಚಯ ಕಡಿಮೆ. ಮೊದಲ ಮಹಡಿಯ ಮಟ್ಟದಿಂದ ಓರೆಯಾಗಿ ಕೆಳಗೆ ನೋಡುವಂತೆ ಕೂರಿಸಿ. ತಂತ್ರಾಂಶದಲ್ಲಿ ಆಮೇಲೆ ಏನು ತಿರುಗಿಸಿದರೂ ಈ ಒಂದು ಬದಲಾವಣೆಯಷ್ಟು ಫಲ ಬರುವುದಿಲ್ಲ.

ಎರಡನೆಯದು ಫ್ರೇಮಿನ ವೇಗ. ನಡೆಯುವವರು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾರೆ. ಸೆಕೆಂಡಿಗೆ 5 ಫ್ರೇಮ್ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 28 ಸೆಂಟಿಮೀಟರ್. ಹಳೆಯ ಚೌಕಟ್ಟು, ಹೊಸ ಚೌಕಟ್ಟು ಒಂದರ ಮೇಲೊಂದು ಬೀಳುತ್ತವೆ, ಜೋಡಿ ಸಲೀಸು. ಗಂಟೆಗೆ 30 ಕಿ.ಮೀ. ವೇಗದ ಸ್ಕೂಟರ್ ಮಾತ್ರ ಅಷ್ಟರಲ್ಲಿ 1.7 ಮೀಟರ್ ಮುಂದಿರುತ್ತದೆ. ಸ್ಕೂಟರಿನ ಉದ್ದವೇ ಹೆಚ್ಚುಕಡಿಮೆ ಅಷ್ಟು. ಅದು ಕ್ಯಾಮೆರಾದ ಮುಂದೆ ಅಡ್ಡಹಾದರೆ ಎರಡು ಚೌಕಟ್ಟುಗಳು ಒಂದನ್ನೊಂದು ಮುಟ್ಟುವುದೇ ಅಪರೂಪ. ಬಾಗಿಲು ಕಾಯಲು 5 ಸಾಕು, ರಸ್ತೆ ನೋಡಲು 10 ಬೇಕು.

ಮೂರನೆಯದು, ಮರೆಯಾದವರ ಅಂಕಿಯನ್ನು ಎಷ್ಟು ಹೊತ್ತು ಕಾದಿರಿಸಬೇಕು ಎಂಬುದು. ಆಟೋ ಎರಡು ಸೆಕೆಂಡು ಅಡ್ಡ ನಿಂತರೆ ಅದು 5ರ ವೇಗದಲ್ಲಿ 10 ಫ್ರೇಮ್. ಅದಕ್ಕಿಂತ ಮೊದಲೇ ಕೈಬಿಟ್ಟರೆ 41 ಹೋಗಿ 47 ಬರುತ್ತದೆ. ವಿಪರೀತ ಕಾದರೆ ಆ ಜಾಗಕ್ಕೆ ಬಂದ ಬೇರೊಬ್ಬರಿಗೆ ಅಂಕಿ ಅಂಟಿಕೊಳ್ಳುತ್ತದೆ. ನಿಮ್ಮ ಬಾಗಿಲ ಮುಂದೆ ವಾಹನಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಖುದ್ದು ನೋಡಿಯೇ ಇದನ್ನು ಗೊತ್ತುಮಾಡಬೇಕು.

ನಾಲ್ಕನೆಯದು ವಲಯ. ಮನೆಯ ಸಣ್ಣ ಕಂಪ್ಯೂಟರಿನಲ್ಲೂ ಓಡುವ ‘ಫ್ರಿಗೇಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ವ್ಯಕ್ತಿ ವಲಯದೊಳಗಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವುದು ಚೌಕಟ್ಟಿನ ಕೆಳ ಅಂಚಿನ ನಡುಬಿಂದು, ಅಂದರೆ ಪಾದ. ಆದ್ದರಿಂದ ವಲಯವನ್ನು ನೆಲದ ಮೇಲೆ, ಮೆಟ್ಟಿಲ ಗಡಿಗೆ ಸರಿಯಾಗಿ ಎಳೆಯಿರಿ. ಗಾಳಿಗೆ ಅಲ್ಲಾಡುವ ಮರದ ಕೊಂಬೆಗೂ ಚಿತ್ರದ ಮೂಲೆಯ ಗಡಿಯಾರಕ್ಕೂ ಮುಸುಕು ಹಾಕಿ. ಜನ ನಡೆಯುವ ದಾರಿಗೆ ಮುಸುಕು ಬೇಡ, ಜಾಡು ಅಲ್ಲೇ ತುಂಡಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಆಟೋ ಎದುರಾದಾಗ ನೆಟ್‌ವರ್ಕ್ ತಡವರಿಸುವುದಕ್ಕೆ ಬೇರೆ ಕಾರಣವಿದೆ. ಇಂಥ ಬಹುಪಾಲು ತಂತ್ರಾಂಶಗಳು ಕಲಿತಿರುವುದು 2014ರ ‘ಕೋಕೋ’ ಚಿತ್ರಸಂಗ್ರಹದಿಂದ. ಅದರ 80 ವರ್ಗಗಳಲ್ಲಿ ಜಿರಾಫೆ, ಜೀಬ್ರಾ ಇವೆ, ಆಟೋರಿಕ್ಷಾ ಇಲ್ಲ. ಹೀಗಾಗಿ ಆಟೋ ಒಂದು ಫ್ರೇಮಿನಲ್ಲಿ ಕಾರು, ಮುಂದಿನದರಲ್ಲಿ ಲಾರಿ ಆಗಬಹುದು. ಹೆಸರು ಬದಲಾದಂತೆ ಜಾಡೂ ಕಡಿಯುತ್ತದೆ.

ಇದಕ್ಕೆ ಮದ್ದು ಮಲ್ಲೇಶ್ವರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾಯಿತು. 2024ರಲ್ಲಿ ಬೆಂಗಳೂರು ಸಂಚಾರ ಪೊಲೀಸರ ಜೊತೆ ಸಂಸ್ಥೆ ನಡೆಸಿದ ಸ್ಪರ್ಧೆಗೆ ಬಳಕೆಯಾದದ್ದು ಕ್ಯಾಂಪಸ್ಸಿನ ಸುತ್ತಲಿನ ‘ಸೇಫ್ ಸಿಟಿ’ ಯೋಜನೆಯ 23 ಕ್ಯಾಮೆರಾಗಳ ದೃಶ್ಯ. ವಾಹನ ಎಣಿಸುವುದರ ಜೊತೆಗೆ, ಒಂದು ಕ್ಯಾಮೆರಾದಲ್ಲಿ ಕಂಡ ವಾಹನವನ್ನು ಇನ್ನೊಂದರಲ್ಲಿ ಗುರುತಿಸುವುದೂ ಅಲ್ಲಿ ಸವಾಲಾಗಿತ್ತು. ಮರುವರ್ಷ ಬಂದ ‘ಯುವಿಎಚ್-26’ ಸಂಗ್ರಹದಲ್ಲಿ ನಗರದ ಸುಮಾರು 2,800 ಕ್ಯಾಮೆರಾಗಳಿಂದ ಆಯ್ದ 26,646 ಚಿತ್ರಗಳಿವೆ. 565 ಕಾಲೇಜು ವಿದ್ಯಾರ್ಥಿಗಳು ಕೂತು 18 ಲಕ್ಷ ಚೌಕಟ್ಟುಗಳನ್ನು ಗುರುತು ಮಾಡಿದ್ದಾರೆ. ಅದರ 14 ವರ್ಗಗಳಲ್ಲಿ ಆಟೋಗೂ ಟೆಂಪೋ ಟ್ರಾವೆಲರಿಗೂ ತಮ್ಮದೇ ಹೆಸರಿದೆ. ಚಿತ್ರಗಳನ್ನೂ ಅವುಗಳಿಂದ ಕಲಿಸಿದ ಮಾದರಿಗಳನ್ನೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಇದನ್ನು ನಾನು ಈ ಊರಿಗೆ ಸಂದ ದೊಡ್ಡ ಉಪಕಾರ ಎಂದೇ ಎಣಿಸುತ್ತೇನೆ. ರಸ್ತೆ ನೋಡುವ ಕ್ಯಾಮೆರಾ ಇದ್ದವರು ದುಬಾರಿ ಯಂತ್ರಕ್ಕೆ ಹಣ ಹಾಕುವ ಮೊದಲು ಈ ಮಾದರಿಗಳನ್ನು ಓಡಿಸಿ ನೋಡಬೇಕು.

ಕೊನೆಯ ಸೆಟ್ಟಿಂಗು ನಮ್ಮ ನಡತೆಗೆ ಸಂಬಂಧಿಸಿದ್ದು. ಹೆಚ್ಚು ಜನ ಸೇರುವ ಅಂಗಡಿ, ಮಳಿಗೆಗಳು ಕ್ಯಾಮೆರಾ ಇಟ್ಟು 30 ದಿನಗಳ ದೃಶ್ಯ ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತದ್ದೂ ಅದೇ ವರ್ಷ. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವಿದೆ. ಜಾಡು ಹಿಡಿಯಲು ಅಂಕಿ ಸಾಕು, ಮುಖ ಗುರುತಿಸುವ ಸೌಲಭ್ಯ ಬೇಕಿಲ್ಲ. ಅದನ್ನು ಆಫ್ ಮಾಡಿ. ಎದುರು ಮನೆಯ ಕಿಟಕಿ ಚಿತ್ರದಲ್ಲಿ ಬಂದರೆ ಕ್ಯಾಮೆರಾವನ್ನೇ ತಿರುಗಿಸಿ. ಅವಧಿ ಮುಗಿದ ದೃಶ್ಯ ತಾನಾಗಿ ಅಳಿಯುವಂತೆ ಇಡಿ. ಬೀದಿಯಲ್ಲಿ ಓಡಾಡುವವರು ನಮ್ಮ ಕ್ಯಾಮೆರಾಕ್ಕೆ ಒಪ್ಪಿಗೆ ಕೊಟ್ಟು ಬಂದವರಲ್ಲ. ಅವರ ಮರ್ಯಾದೆ ಕಾಯುವ ಹೊಣೆ ಕ್ಯಾಮೆರಾ ಇಟ್ಟವರದು.

ಮುಂದಿನ ವಾರ: ಮಳೆ, ರಾತ್ರಿ ಮತ್ತು ಹೆಡ್‌ಲೈಟಿನ ಬೆಳಕು.