ಬಣ್ಣ ಜಾಸ್ತಿ, ಖಾರ ಕಡಿಮೆ

ಕಳೆದ ತಿಂಗಳು ನಮ್ಮ ಬೆಂಗಳೂರಿನ ಆಫೀಸಿನಲ್ಲಿ 'ಎಮೋಷನಲ್ ಇಂಟೆಲಿಜೆನ್ಸ್' ವರ್ಕ್‌ಶಾಪ್ ಇತ್ತು. ಬಾಸ್ ಎಲ್ಲರೆದುರು ಕೂಗಾಡಿದರೆ ಉದ್ದಕ್ಕೆ ಉಸಿರು ತಗೊಳ್ಳಿ, ಹತ್ತರವರೆಗೆ ಎಣಿಸಿ, ಅವರ ಒತ್ತಡವನ್ನೂ ಅರ್ಥ ಮಾಡ್ಕೊಳ್ಳಿ ಅಂದ್ರು. ಕೂಗಾಡುವ ಮ್ಯಾನೇಜರು ಮಾತ್ರ ಬಂದಿರಲಿಲ್ಲ. ಮೀಟಿಂಗ್ ಇತ್ತಂತೆ.

ಸ್ಲೈಡಿನಲ್ಲಿ ಡೇನಿಯಲ್ ಗೋಲ್‌ಮನ್ ಹೆಸರಿತ್ತು. 1995ರ ಅವರ ಪುಸ್ತಕ ತಂದು ಓದಿದೆ. ಕೆಲಸದ ಜಾಗದ ಬಗೆಗಿನ ಅಧ್ಯಾಯ ಶುರುವಾಗೋದೇ ಒಬ್ಬ ದರ್ಪದ ಪೈಲಟ್‌ನಿಂದ. 1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೇಲೆ, ಚಕ್ರ ಸರಿಯಾಗಿ ಇಳಿದಿಲ್ಲವೇನೋ ಅನ್ನೋ ಚಿಂತೆಯಲ್ಲಿ ವಿಮಾನ ಸುತ್ತುತ್ತಿರುತ್ತದೆ. ಇಂಧನ ಮುಗೀತಿದೆ, ಆದರೆ ಅವನ ಸಿಟ್ಟಿಗೆ ಹೆದರಿ ಜೊತೆಯವರು ಬಾಯಿ ಬಿಡಲ್ಲ. ವಿಮಾನ ಬಿತ್ತು, ಹತ್ತು ಜನ ಸತ್ತರು. (ತನಿಖಾ ವರದಿ ಇಷ್ಟು ಸರಳವಾಗಿಲ್ಲ: ಇಂಧನದ ಮಾತು ಬಂದಿತ್ತು, ಗಟ್ಟಿಯಾಗಿ ಬರಲಿಲ್ಲ.) ಏನೇ ಇರಲಿ, ಪುಸ್ತಕದ ಪಾಠ ಮೇಲೆ ಕೂತವನಿಗೆ. ವರ್ಕ್‌ಶಾಪು ಅದನ್ನ ತಿರುಗಿಸಿ ಕೆಳಗೆ ಕೂತವರಿಗೆ ಹಂಚಿತು.

ಓದುವಾಗ ನಮ್ಮ ಚಿಗವ್ವ ನೆನಪಾದಳು. ನಾನು ರಾಣೆಬೆನ್ನೂರಿನವನು, ಆಕೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸದಾಕೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ವರ್ಕ್‌ಶಾಪಿಗೆ ಬೇಕಾದ ನೌಕರನೂ ಹಾಗೇ ಅನ್ನಿ. ಒಮ್ಮೆ ಸಾಹುಕಾರ ಒಬ್ಬ ಹುಡುಗಿಗೆ ಹೊಲಸು ಮಾತಾಡಿದ. ಯಾರೂ ಕೂಗಾಡಲಿಲ್ಲ. ಹದಿನೈದು ಜನ ಕೈ ನಿಲ್ಲಿಸಿದರು, ಅಷ್ಟೇ. "ಆಕಿಗೆ ಅಂದದ್ದು ನಮಗೂ ಅಂದಂಗ ಅಲ್ಲೇನು?" ಅಂದಳು ಚಿಗವ್ವ. ಅವತ್ತು ಅವನ ಬಾಯಿ ಮುಚ್ಚಿತು. ಸಿಟ್ಟು ನುಂಗಲೂ ಇಲ್ಲ, ಉಗುಳಲೂ ಇಲ್ಲ, ಹಂಚಿಕೊಂಡರು. ಗೋಲ್‌ಮನ್ ಓದದೇ ಬಂದ ಜಾಣ್ಮೆ ಇದು.

ಹಾಗಂತ ಹಾಡಿ ಹೊಗಳೋಕೂ ಆಗಲ್ಲ. ಮುಂದಿನ ಸೀಸನ್ನಿಗೆ ಆ ಹುಡುಗೀನ ಕೆಲಸಕ್ಕೆ ಕರೀಲಿಲ್ಲ.

ಆ ಮಾತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯೊಳಗೆ ಬರುವಂಥದ್ದೇ. ಮಾಲೀಕನ ಮೇಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ, ಅಂದರೆ ಹಾವೇರಿಗೆ, ಮೂರು ತಿಂಗಳೊಳಗೆ ಹೋಗಬೇಕಿತ್ತು. ಚಿಗವ್ವನಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಅದೇ ಕಾಯ್ದೆಯ ಆನ್‌ಲೈನ್ ಕ್ವಿಜ್ ಪಾಸಾಗೋ ನನಗೂ ಆಗ ಹೊಳೀಲಿಲ್ಲ. ಇನ್ನು ನಮ್ಮ ಮ್ಯಾನೇಜರರ ಬರೀ ಕೂಗಾಟ, ಅವಮಾನ ಆ ಕಾಯ್ದೆಗೆ ಸೇರೋದೇ ಇಲ್ಲ. ಆ ಖಾಲಿ ಜಾಗದಲ್ಲೇ 'ಉಸಿರು ತಗೊಳ್ಳಿ' ಅನ್ನೋ ಉಪದೇಶ ಬಂದು ಕೂತಿರೋದು.

ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಒಂದೇ ಪ್ರಶ್ನೆ ಬರೆದೆ: ಮ್ಯಾನೇಜರುಗಳ ಬ್ಯಾಚ್ ಯಾವಾಗ? ಮುಂದಿನ ಕ್ವಾರ್ಟರ್ ಅಂತ ಉತ್ತರ ಬಂತು.